ಸೆಕೆಗಾಲಕ್ಕೆ ಒಂದು ದಪ್ಪ ಕಾದಂಬರಿ

ಪರೀಕ್ಷೆ ಮುಗಿದು ರಜೆ ಸಿಕ್ಕಿದ ಕೂಡಲೇ ಮಂಗಳೂರಿನ ಪುಸ್ತಕದಂಗಡಿಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: “ರಜೆಯಲ್ಲಿ ಓದ್ಲಿಕ್ಕೆ ಎಂತಾದ್ರೂ ಲಾಯ್ಕದ್ದು ಕೊಡಿ ಮಾರಾಯ್ರೆ. ತುಂಬ ದಪ್ಪದ್ದು ಬೇಡ.” ಬೇಸಿಗೆಯೆಂದರೆ ಹಗುರ ಓದು ಎಂಬ ನಂಬಿಕೆ ಎಲ್ಲಿಂದಲೋ ಬಂದು ನಮ್ಮಲ್ಲೂ ಬೇರುಬಿಟ್ಟಿದೆ. ಚಳಿದೇಶದವರು ಬಿಸಿಲು ಹುಡುಕಿಕೊಂಡು ಸಮುದ್ರದಂಡೆಗೆ ಹೋಗುವಾಗ ಕೈಯಲ್ಲಿ ಹಿಡಿದುಕೊಳ್ಳುವ ಪುಸ್ತಕ ಹಗುರವಾಗಿದ್ದರೆ ಅದು ಅವರಿಗೆ ಸರಿ. ಅವರಿಗೆ ಬೇಸಿಗೆ ಹೊರಗೆ ಸುತ್ತುವ ಕಾಲ. ನಮಗೆ ಹಾಗಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪಣಂಬೂರಿನ ಮರಳು ಮಧ್ಯಾಹ್ನ ಕಾಲಿಡಲಾಗದಷ್ಟು ಕಾದಿರುತ್ತದೆ. ನಮ್ಮ ಬೇಸಿಗೆ ಓದು ಮನೆಯೊಳಗಿನದು, ಹಗಲು ಹನ್ನೆರಡರಿಂದ ನಾಲ್ಕರವರೆಗಿನದು.

ಈ ಊರಿನ ಸೆಕೆಯ ಬಗೆ ಬಲ್ಲವರಿಗೆ ಗೊತ್ತು. ಉಷ್ಣಾಂಶ ಬಯಲುಸೀಮೆಯಷ್ಟು ಏರುವುದಿಲ್ಲ, ಆದರೆ ಕಡಲಿನ ತೇವ ಗಾಳಿಯಲ್ಲಿ ನಿಂತು ಮೈಯ ಬೆವರು ಆರುವುದಿಲ್ಲ. ಊಟವಾದ ಮೇಲೆ ಯಾರೂ ಹೊರಗೆ ಹೊರಡುವುದಿಲ್ಲ. ಚಾವಡಿಯ ನೆಲಕ್ಕೆ ಒಂದು ಚಾಪೆ, ತಲೆಯ ಮೇಲೆ ಫ್ಯಾನು, ಪಕ್ಕದಲ್ಲಿ ಪುನರ್ಪುಳಿ ಶರಬತ್ತು. ಇಡೀ ವರ್ಷದಲ್ಲಿ ಮತ್ತೆಲ್ಲೂ ಸಿಗದ ಇಷ್ಟು ಉದ್ದದ, ಯಾರೂ ಬಂದು ಕರೆಯದ ಹೊತ್ತು ಈ ಐದಾರು ವಾರಗಳಲ್ಲಿ ದಿನವೂ ಸಿಗುತ್ತದೆ. ಜೂನ್ ಬಂತೆಂದರೆ ಶಾಲೆ, ಕೊಡೆ, ಯೂನಿಫಾರ್ಮು, ಒಣಗದ ಬಟ್ಟೆ. ಆಮೇಲೆ ಹಬ್ಬಗಳ ಸಾಲು. ದೊಡ್ಡ ಕಾದಂಬರಿಯನ್ನು ದಿನಕ್ಕೆ ಐದೈದು ಪುಟವೆಂದು ಓದಿದರೆ ಅದರ ಮನುಷ್ಯರು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಯಾರು ಯಾರ ಮಗ ಎಂಬುದೇ ಮರೆತುಹೋಗುತ್ತದೆ. ಹಾಗಾಗಿ ನನ್ನ ಮಾತು ಅಂಗಡಿಯ ಗಿರಾಕಿಗಳ ಮಾತಿಗೆ ತದ್ವಿರುದ್ಧ: ದಪ್ಪ ಪುಸ್ತಕವನ್ನು ತೆಗೆಯಬೇಕಾದದ್ದು ಬೇಸಿಗೆಯಲ್ಲೇ. ಅದರಲ್ಲೂ ಮೊದಲು ತೆಗೆಯಬೇಕಾದದ್ದು ನಾವು ನಿಂತ ನೆಲದ್ದನ್ನು.

ಒಂದೇ ಒಂದನ್ನು ಹೇಳಿ ಎಂದರೆ ನಾನು ಹೇಳುವುದು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. 1940ರ ದಶಕದ ಆರಂಭದಲ್ಲಿ ಬಂದ ಈ ಕಾದಂಬರಿಯ ಕೋಡಿ, ಕಡಲಿಗೂ ಹೊಳೆಗೂ ನಡುವೆ ಸಿಕ್ಕಿಕೊಂಡ ನೆಲ. ಅಲ್ಲಿ ಮಳೆ ಹಿನ್ನೆಲೆಯಲ್ಲಿ ಸುರಿದು ಸುಮ್ಮನಾಗುವುದಿಲ್ಲ; ಗದ್ದೆ ಉಳಿಯಿತೋ ಹೋಯಿತೋ, ದೋಣಿ ದಾಟೀತೋ ಇಲ್ಲವೋ, ಒಲೆ ಉರಿದೀತೋ ಇಲ್ಲವೋ ಎಂಬುದನ್ನೆಲ್ಲ ಮಳೆಯೇ ತೀರ್ಮಾನಿಸುತ್ತದೆ. ಮೇ ತಿಂಗಳ ಧಗೆಯಲ್ಲಿ ಕೂತು ಕೋಡಿಯ ಆಷಾಢವನ್ನು ಓದುವುದರಲ್ಲಿ ಒಂದು ವಿಶೇಷ ಸುಖವಿದೆ. ಜುಲೈಯಲ್ಲಿ ಅದೇ ಪುಟಗಳನ್ನು ಓದಿದರೆ ಕಿಟಕಿಯಾಚೆಯ ಮಳೆ ಪುಸ್ತಕದ ಮಳೆಯನ್ನು ನುಂಗಿಬಿಡುತ್ತದೆ. ಬೇಸಿಗೆಯಲ್ಲಿ ಹಾಗಾಗದು. ಪುಸ್ತಕದ ಮಳೆಯೊಂದೇ ಮಳೆ.

ಆದರೆ ಆ ಕಾದಂಬರಿಗೆ ನಾನು ಋಣಿಯಾಗಿರುವುದು ಮಳೆಗಾಗಿ ಮಾತ್ರವಲ್ಲ. ಪಾರೋತಿ, ಸರಸೋತಿ ಎಂಬ ಇಬ್ಬರು ಹೆಂಗಸರಿಗಾಗಿ. ಒಬ್ಬಳು ರಾಮ ಐತಾಳರ ಹೆಂಡತಿ, ಇನ್ನೊಬ್ಬಳು ಅವರ ವಿಧವೆ ತಂಗಿ. ಗದ್ದೆ, ಹಟ್ಟಿ, ಅಡುಗೆಮನೆ ಮೂರನ್ನೂ ಹೆಗಲ ಮೇಲೆ ಹೊತ್ತ ಇವರ ದುಡಿಮೆಯನ್ನು ಕಾರಂತರು ಎಲ್ಲೂ ಹಾಡಿ ಹೊಗಳುವುದಿಲ್ಲ. ಆ ಕೆಲಸ ಹೇಗೆ ನಡೆಯುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಮೈಯಲ್ಲಿ ಎಲ್ಲಿ ನೋಯುತ್ತದೆ ಎಂದಷ್ಟೇ ಹೇಳುತ್ತಾರೆ. ಮಕ್ಕಳಾಗಲಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ತಂದಾಗ ಮನೆಯೊಳಗೆ ಎದ್ದ ಮೌನವನ್ನು ದಾಟಲು ಓದುಗರಿಗೂ ಹಲವು ಪುಟ ಬೇಕಾಗುತ್ತದೆ. ಇಂಗ್ಲಿಷ್ ಓದಲು ಹೋಗಿ ಹಾದಿತಪ್ಪಿದ ಲಚ್ಚ, ಅವನ ಪಾಪವನ್ನೆಲ್ಲ ಉಂಡ ನಾಗವೇಣಿ, ಊರೂರು ಅಲೆದು ಮಣ್ಣಿಗೆ ಮರಳಿದ ಮೊಮ್ಮಗ ರಾಮ: ಮೂರು ತಲೆಮಾರು ಕಣ್ಣೆದುರೇ ಮಾಗುತ್ತವೆ. ಇದಕ್ಕೆ ನಾಲ್ಕು ನೂರಕ್ಕೂ ಹೆಚ್ಚು ಪುಟ ಬೇಕೇ ಬೇಕು. ಅವುಗಳನ್ನು ಹತ್ತಿರ ಹತ್ತಿರದ ದಿನಗಳಲ್ಲಿ ಓದಿದರೆ ಮಾತ್ರ ಮೊದಲ ಭಾಗದಲ್ಲಿ ಪಾರೋತಿ ನುಂಗಿಕೊಂಡದ್ದು ಕೊನೆಯ ಭಾಗದಲ್ಲಿ ನಾಗವೇಣಿಯ ಬಾಯಲ್ಲಿ ಯಾಕೆ ಕಹಿಯಾಯಿತೆಂದು ತಿಳಿಯುತ್ತದೆ.

ಒಂದು ದಪ್ಪ ಪುಸ್ತಕ ಹಿಡಿದವರು ನಡುನಡುವೆ ಎರಡು ಮೂರು ತೆಳ್ಳಗಿನವನ್ನೂ ಇಟ್ಟುಕೊಳ್ಳಬಹುದು. ಅವನ್ನು ಆರಿಸುವಾಗ ನಾನು ಒಂದು ವಿಷಯ ನೋಡುತ್ತೇನೆ: ಓದಿ ಮುಗಿಸಿದ ಮೇಲೆ ಆ ಜಾಗಕ್ಕೆ ಹೋಗಿಬರಲು ಸಾಧ್ಯವೇ? ‘ಬೆಟ್ಟದ ಜೀವ’ಕ್ಕೆ ಅದು ಸಾಧ್ಯ. 1943ರ ಈ ಕಾದಂಬರಿಯಲ್ಲಿ ಸುಬ್ರಹ್ಮಣ್ಯದಿಂದ ಪಂಜಕ್ಕೆ ಹೊರಟ ನಿರೂಪಕ ಕತ್ತಲಾಗುವ ಹೊತ್ತಿಗೆ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ದೇರಣ್ಣ, ಬಟ್ಯ ಎಂಬ ಇಬ್ಬರು ಸಿಕ್ಕಿ ಅವನನ್ನು ಗೋಪಾಲಯ್ಯನವರ ಮನೆಗೆ ಕರೆದೊಯ್ಯುತ್ತಾರೆ. ಅಲ್ಲಿಂದಾಚೆ ನಡೆಯುವುದೆಲ್ಲ ಉಪಚಾರ ಮತ್ತು ಮಾತು. ಗುರುತಿಲ್ಲದ ಅತಿಥಿಗೆ ಮೀಯಲು ಬಿಸಿನೀರು, ಊಟ, ಹಾಸಿಗೆ. ಬೆಳಗಾದ ಮೇಲೆ ಹೊರಡುತ್ತೇನೆಂದರೆ ಬಿಡದ ಒತ್ತಾಯ. ಮನೆಬಿಟ್ಟು ಹೋದ ಮಗ ಶಂಭುವಿನ ಸುದ್ದಿಯನ್ನು ಗೋಪಾಲಯ್ಯನೂ ಶಂಕರಮ್ಮನೂ ಒಬ್ಬರಿಗೊಬ್ಬರು ನೋವಾಗದಂತೆ ಹೇಗೆ ಮುಟ್ಟುತ್ತಾರೆ, ಹೇಗೆ ಬಿಡುತ್ತಾರೆ ಎಂಬುದನ್ನು ನೋಡಬೇಕು. ಕಾರಂತರ ಅತ್ಯಂತ ಪ್ರೀತಿಯ ಪುಸ್ತಕ ಇದೆಂದು ನನಗನ್ನಿಸುತ್ತದೆ. ಓದಿದವರು ಬೆಳಗಿನ ಬಸ್ಸು ಹತ್ತಿ ಸುಬ್ರಹ್ಮಣ್ಯಕ್ಕೆ ಹೋಗಿ ಕುಮಾರಪರ್ವತವನ್ನು ಕೆಳಗಿನಿಂದಲೇ ನೋಡಿ ಬರಲಿ. ಬರುವ ದಾರಿಯಲ್ಲಿ ಪುತ್ತೂರಿನಲ್ಲಿ ಇಳಿದರೆ ಕಾರಂತರು ದಶಕಗಳ ಕಾಲ ಬಾಳಿ ಬರೆದ ಬಾಲವನವೂ ಇದೆ.

ಇನ್ನೊಂದಕ್ಕೆ ಬಸ್ಸೂ ಬೇಡ, ಹಂಪನಕಟ್ಟೆಯಿಂದ ನಡೆದೇ ಹೋಗಬಹುದು. 1837ರಲ್ಲಿ ಕೊಡಗು, ಸುಳ್ಯ ಕಡೆಯ ರೈತರು ಬ್ರಿಟಿಷರ ಮೇಲೆ ಬಂಡೆದ್ದು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಏರಿಸಿದರು. ಅದೇ ಬಂಡಾಯದ ಮೇಲೆ ನಿರಂಜನರು ‘ಕಲ್ಯಾಣಸ್ವಾಮಿ’ ಬರೆದರು. ಸುಳ್ಯದ ಕಡೆಯಿಂದ ಮಂಗಳೂರಿನವರೆಗೆ ಜನ ಕಾಲ್ನಡಿಗೆಯಲ್ಲಿ ಬಂದದ್ದೂ ಇಂಥದೇ ಬಿಸಿಲಿನಲ್ಲಿ ಎಂದು ನೆನೆದು ಓದಿದರೆ ಪುಟಗಳ ತೂಕವೇ ಬೇರೆ. ನಿರಂಜನರ ‘ಚಿರಸ್ಮರಣೆ’ (1955) ಇದಕ್ಕಿಂತಲೂ ಗಟ್ಟಿಯಾದ ಕಾದಂಬರಿ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ, ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಕಯ್ಯೂರಿನ ರೈತ ಹೋರಾಟ ಅದರ ವಸ್ತು. ಆ ಹೋರಾಟದ ನಾಲ್ವರು ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ತೇಜಸ್ವಿನಿ ಹೊಳೆಯ ದಂಡೆಯ ಮಲಯಾಳಿ ರೈತರ ಕಥೆಯನ್ನು ಕುಳ್ಕುಂದದ ಒಬ್ಬ ಕನ್ನಡಿಗ ಬರೆದದ್ದು, ಅದು ಮಲಯಾಳಕ್ಕೂ ಹೋಗಿ ಅಲ್ಲಿನ ಓದುಗರ ಪುಸ್ತಕವೂ ಆದದ್ದು ನಮ್ಮ ಗಡಿಸೀಮೆಯ ಹೆಮ್ಮೆ.

ಈ ಊರಿಗೂ ಕನ್ನಡ ಕಾದಂಬರಿಗೂ ಇರುವ ನಂಟು ಎಷ್ಟು ಹಳೆಯದೆಂದು ಮಂಗಳೂರಿನ ಮಕ್ಕಳಿಗೆ ಹೇಳುವವರು ಕಡಿಮೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ‘ಇಂದಿರಾಬಾಯಿ’ 1899ರಲ್ಲಿ ಅಚ್ಚಾದದ್ದು ಇಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಬರೆದವರು ಗುಲ್ವಾಡಿ ವೆಂಕಟರಾಯರು, ವೃತ್ತಿಯಿಂದ ಪೊಲೀಸ್ ಅಧಿಕಾರಿ. ಕಾದಂಬರಿಯ ಕಮಲಪುರದಲ್ಲಿ ಇಂದಿರೆ ಎಂಬ ಎಳೆಯ ವಿಧವೆ ಸಂತರ ಸೋಗಿನವರ ಬಲೆಗೆ ಬಿದ್ದ ತನ್ನದೇ ತಂದೆತಾಯಿಯ ಮನೆಯಿಂದ ತಪ್ಪಿಸಿಕೊಂಡು ಅಮೃತರಾಯರ ಆಶ್ರಯ ಸೇರುತ್ತಾಳೆ, ಓದು ಕಲಿಯುತ್ತಾಳೆ, ತಾನೇ ಒಪ್ಪಿ ಮರುಮದುವೆಯಾಗುತ್ತಾಳೆ. ಅದೇ ವರ್ಷಗಳಲ್ಲಿ ಇದೇ ಊರಿನಲ್ಲಿ ಕುದ್ಮುಲ್ ರಂಗರಾಯರು ದಲಿತರ ಮಕ್ಕಳಿಗೆ ಶಾಲೆ ತೆರೆದು ಜಾತಿಯವರ ಸಿಟ್ಟು ಎದುರಿಸುತ್ತಿದ್ದರು. ಕಾದಂಬರಿಯಲ್ಲಿನ ಜಗಳ ಬೀದಿಯಲ್ಲೂ ನಡೆಯುತ್ತಿತ್ತು ಎಂದಾಯಿತು. 1903ರಲ್ಲೇ ಅದು ಇಂಗ್ಲಿಷಿಗೆ ಹೋಯಿತು. 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಹೊಸದಾಗಿ ಅನುವಾದಿಸಿದರು. ‘ಇಂದಿರಾಬಾಯಿ’ ಓದಿದವರಿಗೆ ಮುಂದಿನ ಪುಸ್ತಕವೂ ಮಂಗಳೂರಿನದೇ ಇದೆ: ಬೋಳಾರ ಬಾಬುರಾಯರ ‘ವಾಗ್ದೇವಿ’, 1905ರದ್ದು, ಮಠದೊಳಗಿನ ಆಸೆ–ದುರಾಸೆಗಳ ಕಥೆ.

ನೇರವಾಗಿ ಹೇಳಬೇಕಾದ ಮಾತೊಂದಿದೆ. ‘ಇಂದಿರಾಬಾಯಿ’ ಇಂದಿನ ಓದುಗನನ್ನು ಮೊದಲ ಪುಟದಿಂದಲೇ ಎಳೆದುಕೊಂಡು ಹೋಗುವುದಿಲ್ಲ. ಭಾಷೆ ಹಳತು, ಉಪದೇಶ ಹೆಚ್ಚು. ಆದರೆ ಪಾತ್ರಗಳು ಮಾತಾಡಲು ತೊಡಗಿದ ಕೂಡಲೇ ಕಾದಂಬರಿ ಜೀವ ತಳೆಯುತ್ತದೆ. ಆ ಮಾತಿನಲ್ಲಿ ಲಂಚವಿದೆ, ಚಾಡಿಯಿದೆ, ಅಧಿಕಾರಿಗಳ ಮುಂದೆ ಹಲ್ಲುಗಿಂಜುವವರಿದ್ದಾರೆ. ಪೊಲೀಸ್ ಕೆಲಸದಲ್ಲಿದ್ದವರು ಕಿವಿಗೊಟ್ಟು ಕೇಳಿಸಿಕೊಂಡ ಮಾತು ಅದು. ಯಾವ ಹಳೆಯ ಕಾದಂಬರಿಗಾದರೂ ಐವತ್ತು ಪುಟಗಳ ಸಲುಗೆ ಕೊಡಬೇಕೆಂಬುದು ನನ್ನ ನಿಯಮ. ಅಲ್ಲಿಗೂ ಹಿಡಿಯದಿದ್ದರೆ ಸಂಕೋಚವಿಲ್ಲದೆ ಕೆಳಗಿಡಬಹುದು. ಇನ್ನೊಂದು ಬೇಸಿಗೆ ಬರುತ್ತದೆ.

ಇಂದಿರೆಯ ಕಥೆ ಮುಗಿಸಿದ ಕೈಗೆ ನಾನು ಕೊಡುವ ಪುಸ್ತಕ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ನಡುವೆ ಎಂಬತ್ತು ವರ್ಷಗಳ ಅಂತರ, ಎರಡು ಬೇರೆ ಸಮುದಾಯ, ಆದರೆ ಮನೆಯೊಳಗಿನ ಹುಡುಗಿಯ ಬಾಳನ್ನು ಗಂಡಸರ ಹಟ ಹೇಗೆ ನುಚ್ಚುನೂರು ಮಾಡುತ್ತದೆ ಎಂಬ ಪ್ರಶ್ನೆ ಒಂದೇ. 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯನ್ನು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ನಾದಿರಾ, ಅವಳ ಗಂಡ ರಶೀದ್, ಅಪ್ಪ ಮಹಮ್ಮದ್ ಖಾನ್. ಇಷ್ಟೇ ಜನ, ಒಂದು ಹೊಳೆಯ ಎರಡು ದಂಡೆ. ಸಾರಾ ಅವರು ಹುಟ್ಟಿದ್ದು ಕಾಸರಗೋಡಿನ ಕಡೆ, ಬಾಳಿ ಬರೆದದ್ದು, ‘ಚಂದ್ರಗಿರಿ’ ಹೆಸರಿನಲ್ಲೇ ಪ್ರಕಾಶನ ಕಟ್ಟಿದ್ದು ಮಂಗಳೂರಿನಲ್ಲಿ. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಈ ಊರು ಎಂಥವರನ್ನು ಕಳೆದುಕೊಂಡಿತೆಂಬುದು ಎಷ್ಟು ಮನೆಗಳಿಗೆ ಗೊತ್ತಾಯಿತೋ ಎಂಬ ಸಂಕಟ ನನಗಿದೆ. ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದದ್ದನ್ನು ಸಂಭ್ರಮಿಸಿದ ಎಳೆಯರು ಅದೇ ದಾರಿಯಲ್ಲಿ ನಡೆದ ಸಾರಾ ಅವರನ್ನೂ ಓದಬೇಕು. ಬೊಳುವಾರು ಮಹಮದ್ ಕುಂಞಿಯವರನ್ನೂ ಓದಬೇಕು. ಅವರ ‘ಸ್ವಾತಂತ್ರ್ಯದ ಓಟ’ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಸಾವಿರ ಪುಟ ದಾಟಿದ ಅದನ್ನು ಹಿಡಿಯಲು ಬೇಸಿಗೆ ಬಿಟ್ಟು ಬೇರೆ ಹೊತ್ತಿಲ್ಲ. ಮುತ್ತುಪ್ಪಾಡಿಯ ಜನರ ನಗು, ಮಾತು, ಮುನಿಸುಗಳ ನಡುವೆ ಪುಟಗಳು ಸರಿದದ್ದೇ ತಿಳಿಯುವುದಿಲ್ಲ.

ಮುಂಬಯಿಯಿಂದ ಮನೆಗೆ ಬರುವವರ ಓದು ಬೇರೆ ಬಗೆಯದು. ಏಪ್ರಿಲ್–ಮೇಯಲ್ಲಿ ಮತ್ಸ್ಯಗಂಧ ರೈಲು ತುಂಬಿ ಬರುತ್ತದೆ. ನೇಮ, ಕೋಲ, ಮದುವೆ, ಗೃಹಪ್ರವೇಶ ಎಲ್ಲ ಈ ತಿಂಗಳುಗಳಲ್ಲೇ. ಒಂದು ರಾತ್ರಿಯ ಆ ಪ್ರಯಾಣಕ್ಕೆ ಕಾರಂತರ ‘ಅಳಿದ ಮೇಲೆ’ಯನ್ನು ನಾನು ಸೂಚಿಸುತ್ತೇನೆ. ರೈಲಿನಲ್ಲಿ ಪರಿಚಯವಾದ ಯಶವಂತರಾಯ ಎಂಬವರು ತೀರಿಕೊಂಡ ಮೇಲೆ ಅವರು ಬಿಟ್ಟುಹೋದ ಹಣ, ಕಾಗದಪತ್ರಗಳನ್ನು ಹಿಡಿದು ನಿರೂಪಕ ಅವರ ಹಿಂದಿನ ಬಾಳನ್ನು ಹುಡುಕುತ್ತ ಹೋಗುತ್ತಾನೆ. ಊರು ಬಿಟ್ಟವನ ಬಾಕಿ ಊರಿನಲ್ಲಿ ಏನೇನು ಉಳಿದಿರುತ್ತದೆ ಎಂಬ ಲೆಕ್ಕ ಅದು. ಮುಂಬಯಿಯ ಬದುಕನ್ನೇ ಓದಬೇಕೆನ್ನುವವರಿಗೆ ಯಶವಂತ ಚಿತ್ತಾಲರ ‘ಶಿಕಾರಿ’ (1979) ಇದ್ದೇ ಇದೆ. ಕೆಲಸದಿಂದ ಅಮಾನತಾದ ನಾಗಪ್ಪನ ಭಯ ಇಂದಿನ ಐಟಿ ಕಂಪನಿಯ ನೌಕರರಿಗೂ ಅಪರಿಚಿತವಲ್ಲ. ತುಳುವಿನಲ್ಲಿ ಓದಬಲ್ಲವರು ಡಿ. ಕೆ. ಚೌಟರ ‘ಮಿತ್ತಬೈಲು ಯಮುನಕ್ಕೆ’ಯನ್ನು ಜೊತೆಗಿಟ್ಟುಕೊಳ್ಳಲಿ, ಗುತ್ತಿನ ಮನೆಯೊಂದರ ಏಳುಬೀಳು ಅದರಷ್ಟು ಸಲೀಸಾಗಿ ಬೇರೆಲ್ಲೂ ಬಂದಿಲ್ಲ.

ಮಕ್ಕಳ ವಿಷಯಕ್ಕೆ ಬರುವಾಗ ಧ್ವನಿ ಸ್ವಲ್ಪ ಗಂಭೀರವಾಗಲೇಬೇಕು. ಮಂಗಳೂರಿನ ಇಂಗ್ಲಿಷ್ ಮಾಧ್ಯಮದ ಮಕ್ಕಳಲ್ಲಿ ಬಹಳ ಮಂದಿಗೆ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಪಾಠದ ಪುಸ್ತಕದಲ್ಲಿ ಮಾತ್ರ. ಅವರಿಗೆ ಒಮ್ಮೆಲೇ ‘ಮರಳಿ ಮಣ್ಣಿಗೆ’ ಕೊಟ್ಟರೆ ಕನ್ನಡವೇ ಬೇಡವಾಗಿ ಹೋದೀತು. ಹತ್ತನೆಯ ತರಗತಿ ಪರೀಕ್ಷೆ ಮುಗಿಸಿದ ಹುಡುಗ–ಹುಡುಗಿಯರಿಗೆ ನಾನು ಕಣ್ಣುಮುಚ್ಚಿ ಕೊಡುವುದು ಪೂರ್ಣಚಂದ್ರ ತೇಜಸ್ವಿಯವರನ್ನು. ‘ಜುಗಾರಿ ಕ್ರಾಸ್’ ಒಂದು ದಿನದೊಳಗೆ ನಡೆಯುವ ಕಥೆ, ಹಿಡಿದರೆ ಬಿಡಲಾಗದು. ‘ಕರ್ವಾಲೊ’ (1980) ಇನ್ನೂ ಮೇಲು. ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಮೂಡಿಗೆರೆಯ ಕಾಡು, ಜೇನು ಹುಡುಕುವ ಮಂದಣ್ಣ, ಅವನಲ್ಲಿ ಅಪರೂಪದ ಪ್ರತಿಭೆಯನ್ನು ಕಂಡ ವಿಜ್ಞಾನಿ, ಅವರೆಲ್ಲ ಬೆನ್ನುಹತ್ತಿ ಹೋಗುವ ಹಾರುವ ಓತಿ.

ಆ ಓತಿ ನಮ್ಮ ಜಿಲ್ಲೆಯ ಅಡಿಕೆ ತೋಟಗಳಲ್ಲೇ ಇದೆ. ಅಜ್ಜನ ಮನೆಗೆ ಹೋದ ಮಕ್ಕಳು ಬೆಳಗ್ಗೆ ಒಂಬತ್ತು, ಹತ್ತರ ಬಿಸಿಲಿಗೆ ತೋಟದಲ್ಲಿ ಸುಮ್ಮನೆ ನಿಂತು ಅಡಿಕೆ ಮರದ ಕಾಂಡವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಮರದ ಬಣ್ಣವೇ ಮೈಬಣ್ಣವಾದ್ದರಿಂದ ಮೊದಲಿಗೆ ಏನೂ ಕಾಣುವುದಿಲ್ಲ. ಗಂಡು ಓತಿ ತನ್ನ ಗಂಟಲಡಿಯ ಹಳದಿ ಚೀಲವನ್ನು ಬಾವುಟದಂತೆ ಮುಂದಕ್ಕೆ ಚಾಚಿ ಎಳೆದುಕೊಂಡಾಗಲೇ ಅದು ಅಲ್ಲಿದೆ ಎಂದು ಗೊತ್ತಾಗುವುದು. ಕೆಲವು ಕ್ಷಣಕ್ಕೆ ಪಕ್ಕೆಲುಬುಗಳ ಮೇಲಿನ ಚರ್ಮ ಬಿಚ್ಚಿ ಒಂದು ಮರದಿಂದ ಇನ್ನೊಂದು ಮರದ ಬುಡದ ಕಡೆಗೆ ತೇಲಿ ಇಳಿದು, ಮತ್ತೆ ಮೇಲಕ್ಕೆ ಹತ್ತಲು ತೊಡಗುತ್ತದೆ. ‘ಕರ್ವಾಲೊ’ ಓದಿ ಇದನ್ನು ಕಣ್ಣಾರೆ ಕಂಡ ಮಗುವಿಗೆ ಕನ್ನಡ ಪುಸ್ತಕ ಓದು ಎಂದು ಮತ್ತೆ ಹೇಳಬೇಕಾಗಿಲ್ಲ. ಕನ್ನಡ ಅಕ್ಷರ ಇನ್ನೂ ತಡವರಿಸುವ ಮಕ್ಕಳಿಗೆ ದೊಡ್ಡವರು ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದಿ ಹೇಳಲಿ. ಇಂಗ್ಲಿಷ್ ಅನುವಾದದಿಂದ ಶುರುಮಾಡಿದರೂ ತಪ್ಪಿಲ್ಲ: ‘ಚೋಮನ ದುಡಿ’, ‘ಚಂದ್ರಗಿರಿಯ ತೀರದಲ್ಲಿ’, ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಲ್ಲವೂ ಇಂಗ್ಲಿಷಿನಲ್ಲಿವೆ. ಕಥೆ ಗೊತ್ತಿದ್ದ ಮೇಲೆ ಕನ್ನಡದ ವಾಕ್ಯ ಹೆದರಿಸುವುದಿಲ್ಲ.

ಹೊಸದಾಗಿ ಕೊಳ್ಳುವ ಮೊದಲು ಮನೆಯ ಕಪಾಟನ್ನೂ ಒಮ್ಮೆ ನೋಡಿ. ಕರಾವಳಿಯ ಮಳೆಗಾಲದಲ್ಲಿ ಪುಸ್ತಕಗಳು ತೇವ ಹಿಡಿದು ಬೂಷ್ಟು ಬರುತ್ತವೆ, ಹುಳು ಬೀಳುತ್ತವೆ. ಹಪ್ಪಳ, ಸಂಡಿಗೆ, ಮಾಂಬಳ ಒಣಗಿಸುವ ದಿನಗಳಲ್ಲೇ ಪುಸ್ತಕಗಳನ್ನೂ ಹೊರತೆಗೆದು ಹಾಳೆ ಬಿಡಿಸಿ ಗಾಳಿಗೆ, ಎಳೆ ಬಿಸಿಲಿಗೆ ಇಡಬೇಕು. ಹಾಗೆ ಹೊರಬಂದ ರಾಶಿಯಲ್ಲಿ ಏನೇನೋ ಸಿಗುತ್ತದೆ: ‘ಸುಧಾ’, ‘ತರಂಗ’ಗಳಿಂದ ಧಾರಾವಾಹಿಯ ಹಾಳೆಗಳನ್ನು ಬಿಡಿಸಿ ಅಮ್ಮನೋ ದೊಡ್ಡಮ್ಮನೋ ದಾರದಲ್ಲಿ ಹೊಲಿದಿಟ್ಟ ಕಟ್ಟು, ಕೆ. ಟಿ. ಗಟ್ಟಿಯವರ ಕಾದಂಬರಿ, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’. ಗಟ್ಟಿಯವರನ್ನು ಈಗಿನವರು ಮರೆಯುತ್ತಿದ್ದಾರೆ. ಕಾಸರಗೋಡಿನ ಕೂಡ್ಲಿನಲ್ಲಿ ಹುಟ್ಟಿ, ಇಥಿಯೋಪಿಯಾದಲ್ಲಿ ಮೇಷ್ಟರಾಗಿದ್ದು, ಉಜಿರೆಯಲ್ಲಿ ತೋಟ ಮಾಡಿ, 2024ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡ ಅವರು ಒಂದು ಕಾಲಕ್ಕೆ ಮನೆಮನೆಯ ಹೆಂಗಸರು ವಾರವಾರ ಕಾದು ಓದಿದ ಲೇಖಕ. ಮನೆಯಲ್ಲಿ ಸಿಕ್ಕಿದರೆ ಅದರಿಂದಲೇ ಶುರುಮಾಡಿ.

ಕೊಳ್ಳುವುದಾದರೆ ಅಂಗಡಿಗೆ ಹೋಗಿ, ಕೈಯಲ್ಲಿ ಹಿಡಿದು ಕೊಳ್ಳಿ. ಮೊದಲ ಪುಟದ ಜೊತೆ ನಡುವಿನ ಒಂದು ಪುಟವನ್ನೂ ಓದಿ ನೋಡಿ. ಅಲ್ಲಿ ಇಬ್ಬರು ಮಾತಾಡುತ್ತಿದ್ದರೆ ಆ ಮಾತು ನಿಮ್ಮ ಕಿವಿಗೆ ನಿಜವೆನಿಸುತ್ತದೆಯೇ ಎಂದು ಕೇಳಿಕೊಳ್ಳಿ. ವಯಸ್ಸಾದವರಿಗೆ ಕೊಡುವುದಾದರೆ ಅಕ್ಷರದ ಗಾತ್ರ ನೋಡಿ. ಮಲಗಿ ಓದುವವರು ಪುಸ್ತಕದ ತೂಕವನ್ನೂ ಬೈಂಡಿಂಗನ್ನೂ ನೋಡಬೇಕು. 1975ರಿಂದ 2012ರವರೆಗೆ ಈ ಊರಿನಲ್ಲಿ ಜಿ. ಎನ್. ಅಶೋಕವರ್ಧನರ ಅತ್ರಿ ಬುಕ್ ಸೆಂಟರ್ ಇತ್ತು. ಪುಸ್ತಕ ಓದಿ ಬಲ್ಲವರೇ ಗಲ್ಲಾದ ಹಿಂದೆ ಕೂತಿದ್ದರೆ ಊರಿನ ಓದು ಹೇಗೆ ಬೆಳೆಯುತ್ತದೆ ಎಂಬುದನ್ನು ಮಂಗಳೂರು ಮೂವತ್ತೇಳು ವರ್ಷ ಕಂಡಿದೆ. ಅದು ಮುಚ್ಚಿದ ಮೇಲೂ ನವಕರ್ನಾಟಕದಂಥ ಮಳಿಗೆಗಳು ಇವೆ. ಬೇಕಾದ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ತರಿಸಿ ಕೊಡಿ ಎಂದು ಹೇಳಿ ಬನ್ನಿ. ಕೇಳುವವರಿದ್ದರೆ ಮಾತ್ರ ಪುಸ್ತಕ ಮರುಮುದ್ರಣ ಕಾಣುತ್ತದೆ.

ಕೊಳ್ಳಲಾಗದವರಿಗೆ ಬಾವುಟಗುಡ್ಡೆಯಲ್ಲಿ ನಗರ ಕೇಂದ್ರ ಗ್ರಂಥಾಲಯವಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅಡಿಯಲ್ಲಿ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಸೇರಿರುತ್ತದೆ. ಅಂದರೆ ಅಲ್ಲಿಯ ಪುಸ್ತಕಗಳಿಗೆ ನಾವು ಆಗಲೇ ದುಡ್ಡು ಕೊಟ್ಟಾಗಿದೆ. ರಜೆಯ ಮೊದಲ ವಾರದಲ್ಲೇ ಮಕ್ಕಳನ್ನು ಕರೆದುಕೊಂಡು ಹೋಗಿ ಅವರ ಹೆಸರಿನಲ್ಲೇ ಸದಸ್ಯತ್ವ ಮಾಡಿಸಿ. ಕಪಾಟುಗಳ ನಡುವೆ ಅವರನ್ನು ಅವರ ಪಾಡಿಗೆ ಬಿಡಿ, ನೀವು ಆರಿಸಿ ಕೊಡಬೇಡಿ. ಮೇ ಕೊನೆಯ ವಾರದಲ್ಲಿ ಪತ್ತನಾಜೆ ಬಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಒಂದು ದಪ್ಪ ಕಾದಂಬರಿ, ಎರಡು ತೆಳ್ಳಗಿನವು ಮುಗಿದಿದ್ದರೆ ಸಾಕು. ಹಿಂದಿರುಗಿಸಲು ಹೋದಾಗ ಇನ್ನೊಂದನ್ನು ತನ್ನಿ.